ಹಳೆಯ ವಾಹನಕ್ಕೆ ಯಾಂತ್ರಿಕ ವೈಫಲ್ಯ ವಿಮೆ: ಕೊಳ್ಳುವುದು ಲಾಭವೇ?

ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಂಥ ಊರಿನಲ್ಲಿ ಅಂಗಡಿಯಿಟ್ಟು ಬದುಕುವ ವರ್ತಕನಿಗೆ ಕಾರು ಶೋಕಿಯ ವಸ್ತುವಲ್ಲ. ಸರಕು ನೋಡಲು ವಿಜಯಪುರಕ್ಕೆ, ಬಾಕಿ ವಸೂಲಿಗೆ ಸಿಂದಗಿ, ಇಂಡಿ, ಮುದ್ದೇಬಿಹಾಳಗಳಿಗೆ, ಮನೆಯವರಿಗೆ ಕಾಯಿಲೆಯಾದಾಗ ನಗರದ ಆಸ್ಪತ್ರೆಗೆ ಒಂದೇ ವಾಹನ ಓಡಬೇಕು. ಹೊಸದಕ್ಕೆ ಬಂಡವಾಳ ಸಾಲದವರು ಹಳೆಯದನ್ನು ಕೊಳ್ಳುತ್ತಾರೆ. ಕೊಂಡ ದಿನವೇ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಎಂಜಿನ್ ಕೈಕೊಟ್ಟರೆ ಗತಿಯೇನು? ಈ ಭಯಕ್ಕೆ ಉತ್ತರವೆಂಬಂತೆ ಮಾರಾಟಗಾರರು ಒಂದು ಕಾಗದವನ್ನು ಮುಂದಿಡುತ್ತಾರೆ. ಅದರ ಹೆಸರು ಒಮ್ಮೆ ವಾರಂಟಿ, ಒಮ್ಮೆ ಪ್ರೊಟೆಕ್ಷನ್ ಪ್ಲಾನ್, ಒಮ್ಮೆ ಇನ್ಶೂರೆನ್ಸ್. ಹೆಸರು ಯಾವುದಾದರೂ ಹಣ ವರ್ತಕನದೇ. ಆದ್ದರಿಂದ ಸಹಿ ಹಾಕುವ ಮೊದಲು ಆ ಕಾಗದದ ಒಳಗೇನಿದೆ ಎಂಬುದನ್ನು ಪರಿಶೀಲಿಸುವುದು ಅವಶ್ಯ.

ಸಾಮಾನ್ಯ ವಿಮೆಯಲ್ಲಿ ಇಲ್ಲದಿರುವುದು

ಮೋಟಾರು ವಾಹನ ಕಾಯಿದೆ, 1988ರ 146ನೇ ಕಲಮಿನ ಪ್ರಕಾರ ಮೂರನೆಯ ವ್ಯಕ್ತಿಯ ಹಾನಿಗೆ ಸಂಬಂಧಿಸಿದ ವಿಮೆ ಪ್ರತಿ ವಾಹನಕ್ಕೂ ಕಡ್ಡಾಯ. ಅದರ ಜೊತೆಗೆ ವಾಹನದ ಸ್ವಂತ ಹಾನಿಗೂ ರಕ್ಷಣೆ ಕೊಡುವ ಪಾಲಿಸಿಯನ್ನು ಜನ 'ಫುಲ್ ಇನ್ಶೂರೆನ್ಸ್' ಎನ್ನುತ್ತಾರೆ. ಈ ಹೆಸರೇ ಮೊದಲ ತಪ್ಪುಗ್ರಹಿಕೆಗೆ ಕಾರಣ. 2002ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಮೋಟಾರು ದರಪಟ್ಟಿಯ ಮಾದರಿ ಪಾಲಿಸಿಯಲ್ಲಿ, ಸವಕಳಿ, ಬಳಕೆಯಿಂದಾದ ಸವೆತ, ಯಾಂತ್ರಿಕ ಅಥವಾ ವಿದ್ಯುತ್ ಸಂಬಂಧಿ ಕೆಡುಕು, ಪರಿಣಾಮವಾಗಿ ಆದ ನಷ್ಟ ಇವುಗಳಿಗೆ ಪರಿಹಾರವಿಲ್ಲವೆಂದು ಸ್ಪಷ್ಟವಾಗಿ ಬರೆದಿತ್ತು. 2007ರ ಜನವರಿ 1ರಿಂದ ಸ್ವಂತ ಹಾನಿಯ ದರಗಳ ನಿಯಂತ್ರಣ ಹೋಯಿತು. ಆದರೆ ಈ ಹೊರಗಿಡುವಿಕೆ ಹೋಗಲಿಲ್ಲ. ಕಾರು ಮರಕ್ಕೆ ಬಡಿದು ರೇಡಿಯೇಟರ್ ಒಡೆದರೆ ಪರಿಹಾರವುಂಟು, ರೇಡಿಯೇಟರ್ ತಾನಾಗಿಯೇ ಸೋರಿ ಎಂಜಿನ್ ಸೀಜ್ ಆದರೆ ಇಲ್ಲ.

ದರ ನಿಯಂತ್ರಣ ಸಡಿಲವಾದ ನಂತರ ಹೆಚ್ಚುವರಿ ರಕ್ಷಣೆಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ 'ಎಂಜಿನ್ ಪ್ರೊಟೆಕ್ಟ್' ಎಂಬುದನ್ನು ಅನೇಕರು ಯಾಂತ್ರಿಕ ವೈಫಲ್ಯ ವಿಮೆಯೆಂದೇ ತಿಳಿದು ಕೊಳ್ಳುತ್ತಾರೆ. ಅದು ಮುಖ್ಯವಾಗಿ ಎಂಜಿನ್ನಿನೊಳಗೆ ನೀರು ನುಗ್ಗಿದಾಗ, ಅಥವಾ ತಳಭಾಗಕ್ಕೆ ಪೆಟ್ಟು ಬಿದ್ದು ಎಣ್ಣೆ ಸೋರಿದಾಗ ಆಗುವ ಹಾನಿಗೆ. ಡೋಣಿ ನದಿಯ ಸೇತುವೆ ಮುಳುಗಿದಾಗ ನೀರಿನಲ್ಲಿ ಕಾರು ನುಗ್ಗಿಸುವವರಿಗೆ ಉಪಯುಕ್ತವೆಂದೇನೋ ಹೇಳಬಹುದು. ನುಗ್ಗಿಸದಿರುವುದು ಇನ್ನೂ ಅಗ್ಗ. ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಕೆಡಿಸಿಕೊಂಡರೆ ಈ ರಕ್ಷಣೆಯೂ ಕೈಬಿಡಬಹುದು. ಜೊತೆಗೆ ಬಹುತೇಕ ಕಂಪನಿಗಳು ವಾಹನದ ವಯಸ್ಸಿಗೆ ಮಿತಿ ಹಾಕುತ್ತವೆ. 'ರೋಡ್‌ಸೈಡ್ ಅಸಿಸ್ಟೆನ್ಸ್' ಎಂಬುದಂತೂ ಮುಖ್ಯವಾಗಿ ಕೆಟ್ಟ ವಾಹನವನ್ನು ಗ್ಯಾರೇಜಿಗೆ ಎಳೆದುಕೊಂಡು ಹೋಗುವಂಥ ಸೇವೆ. ದುರಸ್ತಿಯ ಬಿಲ್ಲು ಮಾಲೀಕನದೇ.

ವಿಮೆಯೋ, ವಾರಂಟಿಯೋ?

ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಯಾಂತ್ರಿಕ ವೈಫಲ್ಯ ವಿಮೆ ಎಂಬುದು ಬೇರೆಯಾಗಿಯೇ ಮಾರಾಟವಾಗುವ ಸರಕು. ನಮ್ಮಲ್ಲಿ ಹಳೆಯ ಕಾರಿನ ಜೊತೆ ಸಿಗುವುದು ಹೆಚ್ಚಾಗಿ ವಾರಂಟಿ ಅಥವಾ ಸೇವಾ ಒಪ್ಪಂದ. ಮಾರುತಿಯ ಟ್ರೂ ವ್ಯಾಲ್ಯೂ, ಹ್ಯುಂಡೈನ ಎಚ್ ಪ್ರಾಮಿಸ್, ಟೊಯೋಟಾದ ಯು ಟ್ರಸ್ಟ್ ಮುಂತಾದ, ತಯಾರಕರೇ ನಡೆಸುವ ಹಳೆಯ ಕಾರುಗಳ ಮಾರಾಟ ವ್ಯವಸ್ಥೆಗಳಲ್ಲಿ ಪರೀಕ್ಷಿಸಿ ಪ್ರಮಾಣೀಕರಿಸಿದ ವಾಹನಗಳಿಗೆ ನಿರ್ದಿಷ್ಟ ಅವಧಿಯ ವಾರಂಟಿ ಇರುತ್ತದೆ. ಸ್ವತಂತ್ರ ವಿತರಕರು ಕೊಡುವ ಕಾಗದ ಬೇರೆ ಬಗೆಯದು.

ವ್ಯತ್ಯಾಸ ಕೇವಲ ಹೆಸರಿನದಲ್ಲ. ವಿಮೆಯಾದರೆ ಅದರ ಹಿಂದೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದಲ್ಲಿ ನೋಂದಾಯಿತ ಕಂಪನಿ ಇರಬೇಕು. ಪಾಲಿಸಿಯ ಮೇಲೆ ಆ ಕಂಪನಿಯ ಹೆಸರು, ನೋಂದಣಿ ಸಂಖ್ಯೆ, ಆ ಸರಕಿನ ವಿಶಿಷ್ಟ ಗುರುತಿನ ಸಂಖ್ಯೆ ಮುದ್ರಿತವಾಗಿರಬೇಕು. ತಂಟೆ ಬಂದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವ್ಯಕ್ತಿಗಳಷ್ಟೇ ಅಲ್ಲ, ಏಕಮಾಲೀಕತ್ವದ ವ್ಯಾಪಾರಸ್ಥರೂ ಅತಿ ಸಣ್ಣ ಉದ್ದಿಮೆಗಳೂ ಅಲ್ಲಿಗೆ ಹೋಗಬಹುದು. ವಿತರಕನ ವಾರಂಟಿಯಾದರೆ ಅದು ವಿತರಕನ ಮಾತು, ಅಷ್ಟೇ. ಆತ ಅಂಗಡಿ ಮುಚ್ಚಿದ ದಿನ ಆ ಮಾತಿನ ಬೆಲೆಯೂ ಮುಚ್ಚಿಹೋಗುತ್ತದೆ. ಕಾಗದದ ಮೇಲೆ ವಿಮಾ ಕಂಪನಿಯ ಹೆಸರು ಎಲ್ಲಿಯೂ ಕಾಣದಿದ್ದರೆ, ಮಾರಾಟಗಾರ ಬಾಯಲ್ಲಿ 'ಇನ್ಶೂರೆನ್ಸ್' ಎಂದು ನೂರು ಸಲ ಹೇಳಿದರೂ ಅದು ವಿಮೆಯಲ್ಲ.

ಲೆಕ್ಕ ಹಾಕಿ ನೋಡಿದರೆ

ವ್ಯಾಪಾರಸ್ಥರಿಗೆ ಅಂಕಿಗಳೇ ಸುಲಭದ ಭಾಷೆ. ಉದಾಹರಣೆಗಾಗಿ ಇಂಗಳೇಶ್ವರದ ಒಬ್ಬ ಕಿರಾಣಿ ವರ್ತಕ ಎಂಟು ವರ್ಷ ಹಳೆಯ ಡೀಸೆಲ್ ಕಾರನ್ನು 3,40,000 ರೂಪಾಯಿಗೆ ಕೊಂಡನೆಂದು ಇಟ್ಟುಕೊಳ್ಳಬಹುದು. ಒಂದು ವರ್ಷದ ರಕ್ಷಣೆಗೆ 12,000 ರೂಪಾಯಿ, ಅದರ ಮೇಲೆ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ 2,160, ಒಟ್ಟು 14,160 ರೂಪಾಯಿ. (ಇಲ್ಲಿಯ ಮೊತ್ತಗಳು ಲೆಕ್ಕದ ವಿಧಾನ ತೋರಿಸಲು ಮಾತ್ರ, ಕೊಳ್ಳುವವರು ತಮ್ಮ ಕೈಯಲ್ಲಿರುವ ಕಾಗದದ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.)

ಆರನೆಯ ತಿಂಗಳು ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಬಾಗಿತು. ಗ್ಯಾರೇಜಿನ ಬಿಲ್ಲು 62,000. ಅದರಲ್ಲಿ ಕೂಲಿ 18,000, ಎಣ್ಣೆ, ಕೂಲಂಟ್, ಫಿಲ್ಟರ್ ಮುಂತಾದ ಖರ್ಚಾಗುವ ವಸ್ತುಗಳು 6,000, ಬಿಡಿಭಾಗ 38,000. ಒಪ್ಪಂದ ಬಿಡಿಭಾಗಕ್ಕೆ ಮಾತ್ರ ಅನ್ವಯಿಸುವುದಾದರೆ ಮತ್ತು ಪ್ರತಿ ಕ್ಲೇಮಿನಲ್ಲಿ ಮೊದಲ 5,000 ಮಾಲೀಕನೇ ಭರಿಸಬೇಕೆಂದಿದ್ದರೆ ಕೈಗೆ ಬರುವುದು 33,000. ಬಿಲ್ಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಈಗ ಕೊಟ್ಟ 14,160ನ್ನು ಬರಬಹುದಾದ 33,000ದಿಂದ ಭಾಗಿಸಿದರೆ ಸುಮಾರು 0.43 ಬರುತ್ತದೆ. ಎಂದರೆ ಅದೇ ಒಂದು ವರ್ಷದೊಳಗೆ, ಅಷ್ಟು ದೊಡ್ಡ ಕೆಡುಕು, ಅದೂ ಪರಿಹಾರ ಸಿಗುವಂಥ ಕೆಡುಕು ಸಂಭವಿಸುವ ಸಾಧ್ಯತೆ ನೂರಕ್ಕೆ 43ಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಸರಾಸರಿಯಲ್ಲಿ ಲಾಭ. ಅಷ್ಟು ಕೆಡುವ ಸಂಭವವಿರುವ ಕಾರಾದರೆ ಪ್ರಶ್ನೆ ವಿಮೆಯದಲ್ಲ, ಆ ಕಾರನ್ನೇಕೆ ಕೊಂಡದ್ದು ಎಂಬುದು.

ಅದೇ ವರ್ತಕ ತಿಂಗಳಿಗೆ 1,200 ರೂಪಾಯಿಯಂತೆ ಬ್ಯಾಂಕಿನ ಆವರ್ತಕ ಠೇವಣಿಯಲ್ಲಿ ಕಟ್ಟಿದರೆ ವರ್ಷಕ್ಕೆ 14,400, ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 43,200 ಆಗುತ್ತದೆ. ಕೆಡದಿದ್ದರೆ ಹಣ ಅವನದೇ. ಈ ಮಾರ್ಗಕ್ಕೂ ಒಂದು ದೋಷವುಂಟು: ಎರಡನೆಯ ತಿಂಗಳಲ್ಲೇ ಎಂಜಿನ್ ಹೋದರೆ ಖಾತೆಯಲ್ಲಿರುವುದು 2,400 ಮಾತ್ರ. ಹಾಗಾಗಿ ಕಾರು ಕೊಳ್ಳುವಾಗಲೇ ಬೆಲೆಯ ಹತ್ತನೆಯ ಒಂದು ಭಾಗದಷ್ಟನ್ನಾದರೂ ದುರಸ್ತಿಗೆಂದು ತೆಗೆದಿಡುವುದು ಯುಕ್ತ. 3,40,000ದ ಕಾರಿಗೆ ಬದಲು 3,00,000ದ ಕಾರು ಕೊಂಡು 40,000 ಉಳಿಸಿಕೊಂಡವನು ತನ್ನ ವಿಮೆಯನ್ನು ತಾನೇ ಮಾಡಿಕೊಂಡಂತೆ.

ಬೆಲೆ ಹೀಗೇಕೆ ದುಬಾರಿ?

ಇದು ಮಾರಾಟಗಾರರ ದುರಾಸೆಯೊಂದರಿಂದಲೇ ಆದದ್ದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಆ ದಿಕ್ಕಿನ ಸಂಶೋಧನೆಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಅವರ ವಾದದ ತಿರುಳು ನಮ್ಮ ದನದ ಸಂತೆಯಲ್ಲಿ ನಿಂತವರಿಗೆ ಹೊಸದಲ್ಲ: ಎತ್ತಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ವಿಮೆಯಲ್ಲಿ ಇದು ತಿರುಗುಮುರುಗಾಗುತ್ತದೆ. ತನ್ನ ಕಾರು ಇಂದೋ ನಾಳೆಯೋ ಕೆಡುವುದೆಂದು ಅನುಮಾನವಿರುವವನೇ ಮೊದಲು ವಿಮೆ ಕೊಳ್ಳಲು ಬರುತ್ತಾನೆ. ಒಳ್ಳೆಯ ಕಾರಿನವನು ಬರುವುದಿಲ್ಲ. ಹಾಗಾಗಿ ಕಂಪನಿ ದರ ಏರಿಸುತ್ತದೆ, ಆಗ ಒಳ್ಳೆಯ ಕಾರಿನವರು ಇನ್ನಷ್ಟು ದೂರ ಸರಿಯುತ್ತಾರೆ.

ಒಪ್ಪಂದದಲ್ಲಿ ಕಾಣುವ ಷರತ್ತುಗಳೆಲ್ಲ ಈ ಭಯದಿಂದ ಹುಟ್ಟಿದವು. ಮೊದಲ ಕೆಲವು ವಾರ ಕ್ಲೇಮು ಇಲ್ಲ. ಮೊದಲೇ ಇದ್ದ ದೋಷಕ್ಕೆ ಇಲ್ಲ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರ್, ರಬ್ಬರಿನ ಭಾಗಗಳಿಗೆ ಇಲ್ಲ. ನಿಗದಿತ ಕಿಲೋಮೀಟರಿಗೆ ಸರ್ವೀಸ್ ಮಾಡಿಸಿ ಬಿಲ್ಲು ಇಟ್ಟಿರದಿದ್ದರೆ ಇಲ್ಲ. ಕಾದ ಎಂಜಿನ್ನನ್ನು ನಿಲ್ಲಿಸದೆ ಓಡಿಸಿದ್ದರೆ ಇಲ್ಲ. ಕೊನೆಯ ಎರಡು ಷರತ್ತುಗಳು ಹಳ್ಳಿಯ ಮಾಲೀಕನಿಗೆ ಹೆಚ್ಚು ಕಷ್ಟ ಕೊಡುತ್ತವೆ. ಹತ್ತಿರದ ಮಿಸ್ತ್ರಿಯಲ್ಲಿ ಎಣ್ಣೆ ಬದಲಿಸಿ ರಸೀದಿ ಪಡೆಯದೆ ಬರುವವನು, ಕೆಲಸ ಚೆನ್ನಾಗಿಯೇ ಆಗಿದ್ದರೂ, ಕಾಗದದ ಮೇಲೆ ಸರ್ವೀಸ್ ಮಾಡಿಸದವನೇ.

ವರ್ತಕರಿಗೆ ಇನ್ನೊಂದು ಅಪಾಯವಿದೆ. ಖಾಸಗಿ ಕಾರೆಂದು ನೋಂದಾಯಿಸಿದ ವಾಹನದಲ್ಲಿ ಸಕ್ಕರೆ ಚೀಲ, ಎಣ್ಣೆ ಡಬ್ಬ ಹೇರುವುದು ಈ ಭಾಗದಲ್ಲಿ ವಾಡಿಕೆ. 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿಗಳು ಇಂದಿಗೂ ಅರ್ಧ ಕಾರು, ಅರ್ಧ ಸರಕು ಗಾಡಿಯಾಗಿ ದುಡಿಯುತ್ತಿವೆ. ವಾಣಿಜ್ಯ ಬಳಕೆ ಕಂಡುಬಂದರೆ ವಾರಂಟಿ ರದ್ದೆಂಬ ಷರತ್ತು ಬಹಳ ಒಪ್ಪಂದಗಳಲ್ಲಿದೆ. ಸಾಮಾನ್ಯ ವಿಮೆಯಲ್ಲಿಯೂ ಬಳಕೆಯ ಮಿತಿ ಮೀರಿದ್ದು ಕ್ಲೇಮು ನಿರಾಕರಣೆಗೆ ಕಾರಣವಾಗುತ್ತದೆ. ನೋಂದಣಿ ಪತ್ರದಲ್ಲಿ ನಮೂದಿಸದ ಎಲ್‌ಪಿಜಿ ಕಿಟ್ ಇದ್ದರಂತೂ ಕೇಳುವಂತೆಯೇ ಇಲ್ಲ.

ಸಣ್ಣ ಉದ್ದಿಮೆದಾರರಿಗೆ ಈ ವಿಷಯ ಅಪರಿಚಿತವಲ್ಲ. ದಾಲ್ ಮಿಲ್ಲು, ಎಣ್ಣೆ ಗಾಣಗಳಿಗೆ ಸಿಗುವ ಯಂತ್ರ ವೈಫಲ್ಯ ಪಾಲಿಸಿಯೂ ಆಕಸ್ಮಿಕ ಕೆಡುಕಿಗೆ ಪರಿಹಾರ ಕೊಡುತ್ತದೆಯೇ ಹೊರತು ಸವೆತಕ್ಕಲ್ಲ. ಅಮೆರಿಕದಲ್ಲಿ 1866ರಲ್ಲಿ ಹುಟ್ಟಿದ ಹಾರ್ಟ್‌ಫರ್ಡ್ ಸ್ಟೀಮ್ ಬಾಯ್ಲರ್ ಕಂಪನಿ ತನ್ನ ಹೆಸರಿನಲ್ಲಿಯೇ ತಪಾಸಣೆಯನ್ನು ಮೊದಲು, ವಿಮೆಯನ್ನು ನಂತರ ಇಟ್ಟುಕೊಂಡಿತ್ತು. ಬಾಯ್ಲರ್ ಸಿಡಿದ ಮೇಲೆ ಹಣ ಕೊಡುವುದಕ್ಕಿಂತ ಸಿಡಿಯದಂತೆ ನೋಡಿಕೊಳ್ಳುವುದು ಅಗ್ಗವೆಂಬುದು ಅದರ ವ್ಯಾಪಾರದ ತಳಹದಿ. ಹಳೆಯ ಕಾರಿಗೂ ಅದೇ ಕ್ರಮ ಸರಿ.

ಕೊಳ್ಳುವ ಮೊದಲಿನ ತಪಾಸಣೆ

ವಿಮೆಗೆ ಕೊಡುವ ಹಣದ ಒಂದು ಸಣ್ಣ ಭಾಗವನ್ನು ನಂಬಿಕೆಯ ಮಿಸ್ತ್ರಿಗೆ ಕೊಟ್ಟು ಜೊತೆಗೆ ಕರೆದೊಯ್ಯುವುದು ಹೆಚ್ಚು ಫಲದಾಯಕ. ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವನು ಮೊದಲೇ ಚಾಲೂ ಮಾಡಿ ಬಿಸಿಮಾಡಿ ಇಟ್ಟಿದ್ದರೆ ಅದೇ ಒಂದು ಸೂಚನೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಬಿಸಿಯಾದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಎಣ್ಣೆ ತುಂಬುವ ಮುಚ್ಚಳದ ಒಳಬದಿಯಲ್ಲಿ ಹಾಲಿನ ಕೆನೆಯಂಥದು ಅಂಟಿದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ. ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಸ್ಕ್ಯಾನರ್ ಹಚ್ಚಿ ದೋಷದ ಸಂಕೇತಗಳನ್ನು ಓದಿಸಬೇಕು. ಆ ದಿನವೇ ಸಂಕೇತಗಳನ್ನು ಅಳಿಸಿರುವುದು ಕಂಡರೆ ಹಿಂದೆ ಸರಿಯುವುದೇ ಲೇಸು. ಮೀಟರಿನಲ್ಲಿ ಕಾಣುವ ಕಿಲೋಮೀಟರನ್ನು ಅಧಿಕೃತ ಸರ್ವೀಸ್ ಕೇಂದ್ರದ ದಾಖಲೆಯೊಂದಿಗೆ ಹೋಲಿಸಬೇಕು. ಪೆಡಲ್ ರಬ್ಬರು, ಸ್ಟೀರಿಂಗ್ ಹೊದಿಕೆ ಸವೆದುಹೋಗಿ ಮೀಟರು ಮಾತ್ರ ನಲವತ್ತು ಸಾವಿರ ತೋರಿಸಿದರೆ ನಂಬಬೇಕಾದದ್ದು ರಬ್ಬರನ್ನು.

ಹಾಗಾದರೆ ಈ ರಕ್ಷಣೆ ಯಾರಿಗೂ ಬೇಡವೇ? ಹಾಗಲ್ಲ. ಮೂರರಿಂದ ಐದು ವರ್ಷದ, ಸ್ವಯಂಚಾಲಿತ ಗೇರ್ ಇರುವ ಕಾರುಗಳಲ್ಲಿ ಗೇರ್‌ಬಾಕ್ಸ್ ದುರಸ್ತಿ ಊರಿನ ಗ್ಯಾರೇಜಿನಲ್ಲಿ ಆಗುವಂಥದಲ್ಲ, ಬಿಲ್ಲೂ ಭಾರಿ. ಅಂಥ ಕಾರಿಗೆ ತಯಾರಕರದೇ ವಿಸ್ತೃತ ವಾರಂಟಿ ಸಿಗುವಂತಿದ್ದರೆ ಕೊಳ್ಳಬಹುದು. ಮೊದಲ ಮಾಲೀಕ ಕೊಂಡಿದ್ದ ವಾರಂಟಿ ಉಳಿದಿದ್ದರೆ ಅದನ್ನು ಲಿಖಿತವಾಗಿ ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಬೆಲೆಯಲ್ಲಿಯೇ ಸೇರಿಬರುವ ವಾರಂಟಿಯನ್ನು ಬೇಡವೆನ್ನಬೇಕಾಗಿಲ್ಲ. ಒಂದೇ ಪೆಟ್ಟಿಗೆ 60,000 ಹೋದರೆ ಅಂಗಡಿಯ ಸರಕು ನಿಲ್ಲುವಂಥ ಸ್ಥಿತಿಯಲ್ಲಿರುವವನಿಗೆ ಸರಾಸರಿ ಲೆಕ್ಕಕ್ಕಿಂತ ನೆಮ್ಮದಿ ದೊಡ್ಡದು. ಆತ ಕೊಂಡರೆ ತಪ್ಪೆನ್ನಲಾಗದು. ಕೂಲಿಯೂ ಸೇರಿದೆಯೇ, ವರ್ಷದ ಗರಿಷ್ಠ ಮಿತಿ ಎಷ್ಟು, ಹತ್ತಿರದ ಒಪ್ಪಿತ ಗ್ಯಾರೇಜ್ ಎಲ್ಲಿದೆ ಎಂಬ ಮೂರನ್ನು ಕೇಳಿಯೇ ಕೊಳ್ಳಬೇಕು. ಎಂಟು, ಹತ್ತು ವರ್ಷದ ಸಾಮಾನ್ಯ ಗೇರಿನ ಕಾರಿಗೆ ಪ್ರತ್ಯೇಕ ಹಣ ಕೊಟ್ಟು ಇದನ್ನು ಕೊಳ್ಳಲು ಮೇಲಿನ ಲೆಕ್ಕ ಒಪ್ಪುವುದಿಲ್ಲ.

ತೆರಿಗೆ, ವರ್ಗಾವಣೆ, ದೂರು

ಹದಿಮೂರು ಜನರವರೆಗಿನ ಆಸನದ ಪ್ರಯಾಣಿಕ ವಾಹನಗಳ ವಿಮೆ ಮತ್ತು ದುರಸ್ತಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು, ಕೆಲವು ವ್ಯವಹಾರಗಳನ್ನು ಬಿಟ್ಟು, ಹೂಡುವಳಿ ತೆರಿಗೆಯಾಗಿ ವಾಪಸು ಪಡೆಯಲು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮು ಬಿಡುವುದಿಲ್ಲ. ಸರಕು ಸಾಗಣೆಯ ವಾಹನಕ್ಕೆ ಈ ತಡೆಯಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಎರಡೂ ಇಲ್ಲ. ಆದುದರಿಂದ ಮೇಲಿನ 2,160 ಕಾರಿನ ಮಾಲೀಕನಿಗೆ ಖರ್ಚೇ.

ಕಾರು ಕೊಂಡ 14 ದಿನದೊಳಗೆ ಹಳೆಯ ಮಾಲೀಕನ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಮೂರನೆಯ ವ್ಯಕ್ತಿಯ ರಕ್ಷಣೆ ಕಾನೂನಿನಂತೆ ತಾನಾಗಿಯೇ ವರ್ಗವಾಗುತ್ತದೆ, ಸ್ವಂತ ಹಾನಿಯದು ಆಗುವುದಿಲ್ಲ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವನೊಂದಿಗೇ ಹೋಗುತ್ತದೆ. ಉಳಿದ ಅವಧಿಯ ವ್ಯತ್ಯಾಸವನ್ನು ಕೊಂಡವನು ಕಟ್ಟಬೇಕು. ಸೊಲ್ಲಾಪುರದ ಕಡೆಯಿಂದ ಎಂಎಚ್ 13 ಸಂಖ್ಯೆಯ ಕಾರು ತರುವವರು ಅಲ್ಲಿಯ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ, ಕೆಎ 28ರ ಮರುನೋಂದಣಿ ಇವುಗಳ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಬೇಕು. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವಿತರಕರು ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರ ಪಡೆದಿರಬೇಕೆಂಬ ನಿಯಮ ಬಂದಿದೆ; ಅದನ್ನು ತೋರಿಸಲು ಕೇಳುವುದು ಕೊಳ್ಳುವವನ ಹಕ್ಕು.

ಕ್ಲೇಮು ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯಬೇಕು, ಬದಲಿಸಿದ ಹಳೆಯ ಬಿಡಿಭಾಗಗಳನ್ನು ಗ್ಯಾರೇಜಿನಲ್ಲಿ ಬಿಟ್ಟುಬರದೆ ಇಟ್ಟುಕೊಳ್ಳಬೇಕು. ವ್ಯಾಪಾರಸ್ಥರು ಗ್ರಾಹಕರಲ್ಲವೆಂದು ಕಂಪನಿಗಳು ವಾದಿಸುವುದುಂಟು. ನ್ಯಾಷನಲ್ ಇನ್ಶೂರೆನ್ಸ್ ಮತ್ತು ಹರ್ಸೋಲಿಯಾ ಮೋಟರ್ಸ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ, ನಷ್ಟ ತುಂಬಿಕೊಳ್ಳಲು ತೆಗೆದ ವಿಮೆ ಲಾಭ ಗಳಿಕೆಯ ವ್ಯವಹಾರವಲ್ಲವೆಂದು ಹೇಳಿ, ವಾಣಿಜ್ಯ ಸಂಸ್ಥೆಯೂ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಎತ್ತಿಹಿಡಿಯಿತು. ಇದು ವಿಮೆಯ ಬಗ್ಗೆ ಬಂದ ತೀರ್ಪು. ವಿತರಕನ ವಾರಂಟಿಯ ತಂಟೆಯಲ್ಲಿ ವಾಹನವನ್ನು ಯಾವ ಬಳಕೆಗೆ ಕೊಂಡದ್ದೆಂಬ ಪ್ರಶ್ನೆ ಮತ್ತೆ ಏಳಬಹುದು. 50 ಲಕ್ಷ ರೂಪಾಯಿವರೆಗೆ ಬೆಲೆ ತೆತ್ತ ವ್ಯವಹಾರಗಳ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ, ಮತ್ತು ತಕರಾರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಅದನ್ನು ಸಲ್ಲಿಸಬೇಕು.