ಫ್ರಾಂಕ್ ಡೆವ್ಲಿನ್

1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರು ಗೆದ್ದ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಸಿಂಗಲ್ಸ್ ಪ್ರಶಸ್ತಿಯನ್ನು ಐರ್ಲೆಂಡಿನ ಫ್ರಾಂಕ್ ಡೆವ್ಲಿನ್‌ರವರು ಆರು ಬಾರಿ ಗೆದ್ದಿದ್ದರು. ಅದರಲ್ಲಿಯೂ 1925ರಿಂದ 1929ರವರೆಗೆ ಸತತವಾಗಿ. 1926, 1927 ಮತ್ತು 1929ರಲ್ಲಂತೂ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರೂ ಅವರ ಪಾಲಾದವು. ಒಂದೇ ಪಂದ್ಯಾವಳಿಯಲ್ಲಿ ಮೂರು ವಿಭಾಗಗಳಲ್ಲಿ ಕೊನೆಯವರೆಗೆ ಸೆಣಸುವ ಆಯಾಸವನ್ನು ಆಡಿದವರೇ ಬಲ್ಲರು.

1931ರ ಗೆಲುವುಗಳೊಡನೆ ಅವರ ಪ್ರಶಸ್ತಿಗಳ ಸಂಖ್ಯೆ 18ಕ್ಕೆ ಏರಿತು. ಬಳಿಕ ಅವರು ತರಬೇತಿಯನ್ನೇ ವೃತ್ತಿಯಾಗಿ ಕೈಗೊಂಡರು. ಹಣ ಪಡೆದು ಕಲಿಸುವವರಿಗೆ ಆ ಕಾಲದಲ್ಲಿ ಹವ್ಯಾಸಿಗಳ ಪಂದ್ಯಾವಳಿಯಲ್ಲಿ ಪ್ರವೇಶವಿರಲಿಲ್ಲ. ಕಲಿಸಹೊರಟವರು ಆಡುವ ಹಕ್ಕನ್ನೇ ತೊರೆಯಬೇಕಾಗಿತ್ತು. ಡೆವ್ಲಿನ್‌ರವರು ಅದನ್ನು ತೊರೆದು, ಕೆನಡಾದ ವಿನಿಪೆಗ್ ನಗರಕ್ಕೆ ತೆರಳಿದರು. 1935ರಲ್ಲಿ ಅಲ್ಲಿಯೇ ಜನಿಸಿದ ಮಗಳು ಜೂಡಿ, ತಂದೆ ಬಿಟ್ಟುಬಂದ ಆ ಪಂದ್ಯಾವಳಿಯಲ್ಲಿ 1954 ಮತ್ತು 1967ರ ನಡುವೆ ಹತ್ತು ಬಾರಿ ಮಹಿಳೆಯರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು.