ಚಿಂತೆಯೂ ಭಗವಚ್ಚಿಂತನೆಯೂ

ಚಿಂತೆ, ಚಿಂತನೆ ಎಂಬ ಪದಗಳೆರಡೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೂ ಅವುಗಳ ಫಲದಲ್ಲಿ ಬಹಳ ಅಂತರವಿದೆ. ಚಿಂತನೆಯು ಒಂದು ವಿಷಯವನ್ನು ಹಿಡಿದು ನಿರ್ಣಯದವರೆಗೆ ಸಾಗುತ್ತದೆ. ಚಿಂತೆಯಾದರೋ ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತುತ್ತದೆ. ಮಗನ ಪರೀಕ್ಷೆ, ಮಗಳ ವಿವಾಹ, ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆ, ಪರದೇಶದಲ್ಲಿರುವ ಮಕ್ಕಳಿಂದ ಬಾರದ ಕರೆ—ಇವು ನಮ್ಮ ಮನೆಗಳ ಚಿಂತೆಗಳು. ಮಿತವಾದ ಚಿಂತೆಯು ಎಚ್ಚರವನ್ನಿತ್ತು ಕಾರ್ಯಕ್ಕೆ ಪ್ರೇರಿಸುತ್ತದೆ. ಅದೇ ಮಿತಿಮೀರಿದಾಗ ನಿದ್ರೆ, ಆಹಾರ, ಅನುಷ್ಠಾನ ಮೂರನ್ನೂ ಕೆಡಿಸುತ್ತದೆ.

"ದೇವರಲ್ಲಿ ಭರವಸೆಯುಳ್ಳವನಿಗೆ ಭಯವೆಲ್ಲಿಯದು?" ಎಂದು ಇಂಥವರನ್ನು ಕೇಳುವುದುಂಟು. ಕೇಳುವವರ ಉದ್ದೇಶವು ಒಳ್ಳೆಯದೇ. ಆದರೆ ಕಳವಳಗೊಂಡವನು ಆ ಮಾತಿನಿಂದ ತಾನು ಭಕ್ತಿಹೀನನೆಂಬ ಮತ್ತೊಂದು ಚಿಂತೆಯನ್ನು ಹೊತ್ತು ಮೌನವಾಗುತ್ತಾನೆ. ಆದುದರಿಂದ ಈ ವಿಷಯವನ್ನು ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸೋಣ.

ಅರ್ಜುನನ ನಡುಕ

ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ತನ್ನ ದೇಹಸ್ಥಿತಿಯನ್ನು ತಾನೇ ಹೇಳಿಕೊಂಡಿದ್ದಾನೆ. ಅವಯವಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಗಾಂಡೀವವು ಕೈಯಿಂದ ಜಾರುತ್ತಿದೆ, ಚರ್ಮವು ಉರಿಯುತ್ತಿದೆ, ನಿಲ್ಲಲೂ ಶಕ್ತಿಯಿಲ್ಲ. ಅವನದು ಬಂಧುಸ್ನೇಹದಿಂದ ಬಂದ ವಿಷಾದ. ನಮ್ಮ ಕಳವಳಗಳಿಗೆ ಕಾರಣ ಬೇರೆ. ಆದರೆ ದೇಹದಲ್ಲಿ ತೋರುವ ಲಕ್ಷಣಗಳು ಬಹುಮಟ್ಟಿಗೆ ಅವೇ. ಅಪಾಯ ಬಂತೆಂದು ಮನಸ್ಸು ಬಗೆದೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತವನ್ನು ಸೇರುತ್ತದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಎದೆಬಡಿತ ಹೆಚ್ಚುತ್ತದೆ, ಉಸಿರು ತೀವ್ರವಾಗುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಹೋರಾಟಕ್ಕೋ ಓಟಕ್ಕೋ ದೇಹವು ಸಿದ್ಧವಾಗುವ ಕ್ರಮವಿದು. ಹುಲಿ ಎದುರಾದಾಗ ಇದರಿಂದ ಉಪಕಾರವುಂಟು. ಇಲ್ಲದ ಹುಲಿಗೂ ದೇಹವು ಹೀಗೆಯೇ ಸಿದ್ಧವಾಗುತ್ತಿದ್ದರೆ ಅದೇ ಬಾಧೆ.

ಸಾಕ್ಷಾತ್ ಶ್ರೀಕೃಷ್ಣನೇ ಸಾರಥಿಯಾಗಿದ್ದಾಗಲೂ ಅರ್ಜುನನು ನಡುಗಿದನೆಂಬುದನ್ನು ನಾವು ಮರೆಯಬಾರದು. ನಡುಕವು ಭಕ್ತಿಹೀನತೆಯ ಗುರುತಲ್ಲ. ಅರ್ಜುನನು ಅದನ್ನು ಮುಚ್ಚಿಡದೆ ಸ್ವಾಮಿಯಲ್ಲಿ ನಿವೇದಿಸಿದನು. ಸ್ವಾಮಿಯು ಮೊದಲು ಗದರಿಸಿದರೂ ಅಲ್ಲಿಗೇ ನಿಲ್ಲಿಸದೆ, ಸಂದೇಹಗಳಿಗೆಲ್ಲ ಉತ್ತರವನ್ನಿತ್ತನು. ಆದರೆ ರಥವನ್ನು ಮಾತ್ರ ಹಿಂದಕ್ಕೆ ತಿರುಗಿಸಲಿಲ್ಲ.

ಭಾರ ಯಾರದು?

ಶ್ರೀಮದಾನಂದತೀರ್ಥ ಭಗವತ್ಪಾದರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ವಿಂಗಡಿಸಿ, ವಿಷ್ಣುವೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದ್ದಾರೆ. ಅಸ್ವತಂತ್ರನಾದ ಜೀವನು ಫಲದ ಭಾರವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡಾಗ ಚಿಂತೆಗೆ ಕೊನೆಯಿರುವುದಿಲ್ಲ. ಹಾಗೆಂದು ಜೀವನಿಗೆ ಕರ್ತೃತ್ವವೇ ಇಲ್ಲವೆಂದು ನಮ್ಮ ಸಿದ್ಧಾಂತವು ಹೇಳುವುದಿಲ್ಲ. ಅದು ಹರಿಯ ಅಧೀನವಾದ ಕರ್ತೃತ್ವ. ಆದುದರಿಂದ ಕೈಕಟ್ಟಿ ಕುಳಿತುಕೊಳ್ಳುವುದಕ್ಕೂ ಇಲ್ಲಿ ಅವಕಾಶವಿಲ್ಲ.

ಈ ವಿವೇಕವನ್ನು ದಿನದ ಬಾಳಿಗೂ ತರಬಹುದು. ಬಾಧಿಸುವ ವಿಷಯವನ್ನು ಕಾಗದದಲ್ಲಿ ಬರೆದು, ನಮ್ಮ ಯತ್ನಕ್ಕೆ ಒಳಪಟ್ಟದ್ದು ಯಾವುದು, ಒಳಪಡದ್ದು ಯಾವುದು ಎಂದು ಬೇರ್ಪಡಿಸಬೇಕು. ರಕ್ತಪರೀಕ್ಷೆಯ ಫಲಿತಾಂಶವು ನಮ್ಮ ಕೈಯಲ್ಲಿಲ್ಲ. ಹೇಳಿದ ದಿನ ವೈದ್ಯರಲ್ಲಿಗೆ ಹೋಗುವುದು ನಮ್ಮ ಕೈಯಲ್ಲಿದೆ. ಮೊದಲನೆಯದನ್ನು ಸ್ವಾಮಿಗೆ ಒಪ್ಪಿಸಿ, ಎರಡನೆಯದನ್ನು ಇಂದೇ ಮಾಡಬೇಕು.

ಉಸಿರಿನ ಅನುಸಂಧಾನ

ಹರಿಕಥಾಮೃತಸಾರದ ಶ್ವಾಸಸಂಧಿಯಲ್ಲಿ ಜಗನ್ನಾಥದಾಸರು ಮುಖ್ಯಪ್ರಾಣದೇವರು ಘಳಿಗೆಗೆ 360ರಂತೆ ಶ್ವಾಸಜಪವನ್ನು ನಡೆಸುವರೆಂದು ತಿಳಿಸಿದ್ದಾರೆ. ಅಹೋರಾತ್ರಿಯ 60 ಘಳಿಗೆಗಳಿಗೆ ಅದು 21,600 ಆಗುತ್ತದೆ, ನಿಮಿಷಕ್ಕೆ 15. ಕಳವಳದಲ್ಲಿ ಈ ಲೆಕ್ಕವು ತಪ್ಪಿ ಉಸಿರು ಓಡತೊಡಗುತ್ತದೆ. ಆಗ ಕುಳಿತು, ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ನಿಧಾನವಾಗಿಸಿ, ಹರಿನಾಮದೊಡನೆ ಐದಾರು ನಿಮಿಷ ಉಸಿರಾಡಿದರೆ ಎದೆಬಡಿತವು ಇಳಿಯುತ್ತದೆ. ಉಸಿರು ನಮ್ಮದಲ್ಲ, ಪ್ರಾಣದೇವರ ಜಪವೆಂಬ ಅನುಸಂಧಾನವಿದ್ದರೆ ಇನ್ನೂ ಉತ್ತಮ. ಉಸಿರು ಹಿಡಿದರೆ ತಳಮಳ ಹೆಚ್ಚುವವರು ಕುಂಭಕದ ಬಲಾತ್ಕಾರ ಮಾಡಬಾರದು. ಸಂಜೆಯ ಮೇಲೆ ಕಾಫಿಯನ್ನು ಬಿಡುವುದೂ ಹಿತಕರ.

ಅಭ್ಯಾಸವೂ ಔಷಧವೂ

ಮನಸ್ಸನ್ನು ಗಾಳಿಯಂತೆ ಹಿಡಿಯಲಾಗದೆಂದು ಅರ್ಜುನನು ದೂರಿದಾಗ, ಅಭ್ಯಾಸ ಮತ್ತು ವೈರಾಗ್ಯಗಳಿಂದ ಅದು ವಶವಾಗುವುದೆಂದು ಸ್ವಾಮಿಯು ಆರನೆಯ ಅಧ್ಯಾಯದಲ್ಲಿ ಉಪದೇಶಿಸಿದನು. ಭಯಪಟ್ಟ ಸ್ಥಳವನ್ನು ಬಿಟ್ಟು ದೂರ ಸರಿದಷ್ಟೂ ಭಯವು ಬೆಳೆಯುತ್ತದೆ. ಜನಸಂದಣಿಗೆ ಅಂಜುವವನು ಮೊದಲು ಜನವಿರಳವಾದ ಸಮಯದಲ್ಲಿ ಗುಡಿಗೆ ಬರಲಿ, ಅನಂತರ ಮಂಗಳಾರತಿಗೆ, ಕೊನೆಗೆ ರಥೋತ್ಸವಕ್ಕೆ. ಮನೆಯವರೊಬ್ಬರು ಜೊತೆಗಿದ್ದರೆ ಸಾಕು.

ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಮನೆಯ ಕೆಲಸವೂ ನಡೆಯದಂತಾದರೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣುವುದರಲ್ಲಿ ವಿಳಂಬ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಿ, ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ಏಕಾದಶಿಯೆಂದು ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವವರುಂಟು. ಕೆಲವು ಔಷಧಗಳನ್ನು ಥಟ್ಟನೆ ಬಿಟ್ಟರೆ ಅಪಾಯವಿದೆ. ವ್ರತಕ್ಕೆ ಭಂಗ ತಾರದ ಎಂಟನ್ನು ಎಣಿಸುವ ಸ್ಮೃತಿವಚನದಲ್ಲಿ ಔಷಧವೂ ಸೇರಿದೆ. ವೈದ್ಯನ ಕೈಯಲ್ಲಿ ನಿಂತು ರೋಗವನ್ನು ಕಳೆಯುವವನೂ ಧನ್ವಂತರಿರೂಪಿಯಾದ ಶ್ರೀಹರಿಯೇ ಅಲ್ಲವೆ?

ಕನಕದಾಸರು ತಮ್ಮ ಮನಸ್ಸನ್ನೇ ಕರೆದು, ತಲ್ಲಣಿಸಬೇಡವೆಂದು ಸಮಾಧಾನ ಹೇಳಿದರು. ದಾಸಶ್ರೇಷ್ಠರ ಮನಸ್ಸಿಗೂ ಸಮಾಧಾನ ಬೇಕಾಯಿತೆಂದಮೇಲೆ ನಮ್ಮ ಮನೆಯಲ್ಲಿ ಕಳವಳಗೊಂಡವರನ್ನು ಜರೆಯದೆ, ಬಳಿಯಲ್ಲಿ ಕುಳಿತು ಅವರ ಮಾತನ್ನು ಪೂರ್ತಿಯಾಗಿ ಕೇಳೋಣ. ಹರಿವಾಯುಗುರುಗಳು ಸರ್ವರಿಗೂ ಮನಶ್ಶಾಂತಿಯನ್ನು ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು