ಸಜ್ಜೆ ತೆನೆಯ ಅಂಟು, ಮಣ್ಣಿನ ಕರಿಗಾಳು: ಅರ್ಗಟ್ ರೋಗ ತಡೆಯುವುದು ಎಲ್ಲಿಂದ?

ಸಜ್ಜೆ ಹೂಬಿಡುವ ಹೊತ್ತಿಗೆ ಮೋಡ ಮುಸುಕಿ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ, ಮುಂದಿನ ವಾರ ಹೊಲಕ್ಕೆ ಹೋಗಿ ತೆನೆ ಮುಟ್ಟಿ ನೋಡಿ. ಬೆರಳಿಗೆ ಜೋನಿ ಬೆಲ್ಲದಂತೆ ಅಂಟಿದರೆ, ತೆನೆಗೆ ಇರುವೆ ನೊಣ ಮುತ್ತಿದ್ದರೆ, ಅರ್ಗಟ್ ರೋಗ ಬಂದಿದೆ ಎಂದೇ ತಿಳಿಯಿರಿ. ಕೊಪ್ಪಳ, ವಿಜಯಪುರ, ಬಾಗಲಕೋಟೆ, ರಾಯಚೂರು, ಕಲಬುರಗಿ ಕಡೆಯ ಸಜ್ಜೆ ಬೆಳೆಗಾರರು ಇದನ್ನು ಚೆನ್ನಾಗಿ ಅರಿತಿರಬೇಕು. ಇದು ಇಳುವರಿಯನ್ನು ತಗ್ಗಿಸುವುದರ ಜೊತೆಗೆ ರೊಟ್ಟಿಗೂ ವಿಷ ಬೆರೆಸುತ್ತದೆ.

ಅಂಟು ಕಂಡ ದಿನ ಔಷಧದ ಅಂಗಡಿಗೆ ಓಡುವವರೇ ಹೆಚ್ಚು. ಅಷ್ಟರಲ್ಲಿ ಶಿಲೀಂಧ್ರ ಹೂವಿನೊಳಗೆ ಸೇರಿ ಐದಾರು ದಿನ ಕಳೆದಿರುತ್ತದೆ. ಈ ರೋಗವನ್ನು ಗೆಲ್ಲಬೇಕಾದದ್ದು ಬಿತ್ತನೆಗೆ ಮೊದಲೇ.

ಚೀಲದಲ್ಲಿ ಬೀಜಕ ಕಟ್ಟುವ ಶಿಲೀಂಧ್ರ

ಅರ್ಗಟ್ ತರುವ ಶಿಲೀಂಧ್ರದ ಹೆಸರು ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್. ಭತ್ತದ ಬೆಂಕಿ ರೋಗ, ದ್ರಾಕ್ಷಿಯ ಬೂದಿ ರೋಗ, ಮೆಣಸಿನಕಾಯಿಯ ಚಿಬ್ಬು ರೋಗ ತರುವ ಶಿಲೀಂಧ್ರಗಳೂ ಇದೇ ಗುಂಪಿನವು. ಸಣ್ಣ ಚೀಲದೊಳಗೆ ಬೀಜಕಗಳನ್ನು ಕಟ್ಟುವುದರಿಂದ ಇವಕ್ಕೆ ಚೀಲ ಶಿಲೀಂಧ್ರಗಳು ಎಂದು ಹೆಸರು.

ರೋಗ ಬಿದ್ದ ತೆನೆಯಲ್ಲಿ ಕಾಳಿನ ಜಾಗದಲ್ಲಿ ಕಪ್ಪು ಕಂದು ಬಣ್ಣದ, ಅರ್ಧ ಸೆಂಟಿಮೀಟರ್ ಆಸುಪಾಸು ಉದ್ದದ ಗಟ್ಟಿ ಕರಿಗಾಳು ಮೂಡುತ್ತದೆ. ಇದು ಸ್ಕ್ಲೆರೋಷಿಯಂ, ಅಂದರೆ ಶಿಲೀಂಧ್ರದ ಬುತ್ತಿಗಂಟು. ಒಕ್ಕಣೆಯಲ್ಲಿ ಕೆಲವು ಮಣ್ಣಿಗೆ ಉದುರುತ್ತವೆ, ಕೆಲವು ಬೀಜದ ಜೊತೆ ಚೀಲ ಸೇರುತ್ತವೆ. ಬೇಸಿಗೆಯಿಡೀ ಸುಮ್ಮನಿದ್ದು, ಮಳೆಗೆ ನೆಲ ನೆನೆದಾಗ ಮೊಳೆಯುತ್ತವೆ. ಸಣ್ಣ ದಂಟು ಮೇಲೆದ್ದು, ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಗುಂಡು ಬಿಡುತ್ತದೆ. ಆ ಗುಂಡಿನ ಅಂಚಿನಲ್ಲಿ ಹೂಜಿಯಾಕಾರದ ಕೋಶಗಳು ಹುದುಗಿರುತ್ತವೆ. ಒಂದೊಂದು ಹೂಜಿಯಲ್ಲೂ ಹಲವು ಉದ್ದನೆಯ ಚೀಲಗಳು, ಒಂದೊಂದು ಚೀಲದಲ್ಲೂ ದಾರದೆಳೆಯಂಥ ಎಂಟು ಬೀಜಕಗಳು. ಸಜ್ಜೆ ಹೂವಿಗೆ ಬರುವ ಹೊತ್ತಿಗೆ ಇವು ಗಾಳಿಯಲ್ಲಿ ತೇಲಿ ತೆನೆ ಸೇರುತ್ತವೆ.

ಹೂವಿಗೆ ತಗುಲಿದ ಐದರಿಂದ ಏಳು ದಿನಕ್ಕೆ ಅಂಟು ಒಸರುತ್ತದೆ. ಇದರಲ್ಲಿರುವುದು ಚೀಲವಿಲ್ಲದೆ ಹುಟ್ಟುವ ಎರಡನೇ ಬಗೆಯ ಬೀಜಕ, ಲೆಕ್ಕವಿಲ್ಲದಷ್ಟು. ಮಳೆಹನಿ ಸಿಡಿದು, ಕೀಟದ ಕಾಲಿಗೆ ಮೆತ್ತಿ, ತೆನೆಗೆ ತೆನೆ ತಾಗಿ ಇವು ಹೊಲವಿಡೀ ಹರಡುತ್ತವೆ. ಮಣ್ಣಿನಿಂದ ಮೊದಲ ಕಿಡಿ ಹಾರಿಸುವುದು ಚೀಲದ ಬೀಜಕ, ಬೆಂಕಿ ಹಬ್ಬಿಸುವುದು ಅಂಟಿನ ಬೀಜಕ.

ಪರಾಗ ಬಿದ್ದರೆ ಬಾಗಿಲು ಮುಚ್ಚಿದಂತೆ

ಸಜ್ಜೆಯಲ್ಲಿ ಶಲಾಕೆ ಮೊದಲು ಹೊರಬರುತ್ತದೆ, ಪರಾಗ ಉದುರುವುದು ಆಮೇಲೆ. ಈ ನಡುವಿನ ದಿನಗಳಲ್ಲೇ ಶಿಲೀಂಧ್ರ ಒಳನುಗ್ಗುತ್ತದೆ. ಪರಾಗ ಬಿದ್ದ ಕೆಲವೇ ಗಂಟೆಗಳಲ್ಲಿ ಶಲಾಕೆ ಬಾಡಿ ಆ ದಾರಿ ಮುಚ್ಚಿಹೋಗುತ್ತದೆ. ಮಳೆ ಹಿಡಿದರೆ ಪರಾಗ ತೊಯ್ದು ತೊಳೆದುಹೋಗುತ್ತದೆ, ಬಾಗಿಲು ತೆರೆದೇ ಉಳಿಯುತ್ತದೆ. ಒಂದೇ ಸಲ ಹೂಬಿಡುವ ಹೈಬ್ರಿಡ್‌ಗಳಲ್ಲಿ ರೋಗ ಹೆಚ್ಚಿರುವುದಕ್ಕೂ, ಹಿಂದೆಮುಂದೆ ಹೂಬಿಡುವ ಸ್ಥಳೀಯ ತಳಿಗಳಲ್ಲಿ ಕಡಿಮೆ ಇರುವುದಕ್ಕೂ ಪರಾಗದ ಈ ಲೆಕ್ಕವೇ ಮುಖ್ಯ ಕಾರಣ.

ಕಾಡಿಗೆ ರೋಗವೋ, ಅರ್ಗಟ್ಟೋ?

ಎರಡರಲ್ಲೂ ತೆನೆ ಕಪ್ಪಾಗುವುದರಿಂದ ಗೊಂದಲವಾಗುತ್ತದೆ. ಕಪ್ಪಾದ ಕಾಳನ್ನು ಉಗುರಿನಿಂದ ಒತ್ತಿ ನೋಡಿ. ಒಡೆದು ಕರಿಪುಡಿ ಚೆಲ್ಲಿದರೆ ಕಾಡಿಗೆ ರೋಗ. ಗಟ್ಟಿಯಾಗಿದ್ದು, ಮುರಿದಾಗ ಒಳಗೆ ತಿಳಿ ಬಣ್ಣ ಕಂಡರೆ ಅರ್ಗಟ್.

ಉಪ್ಪುನೀರಿನ ಉಪಾಯ

ಕರಿಗಾಳು ಒಳ್ಳೆಯ ಕಾಳಿಗಿಂತ ಹಗುರ. ಮನೆಯ ಬೀಜ ಬಿತ್ತುವವರು ಹೀಗೆ ಮಾಡಿ:

1. 10 ಲೀಟರ್ ನೀರಿಗೆ 1 ಕಿಲೋ ಅಡುಗೆ ಉಪ್ಪು ಹಾಕಿ ಪೂರ್ತಿ ಕರಗಿಸಿ.
2. ಬೀಜವನ್ನು ಸ್ವಲ್ಪಸ್ವಲ್ಪವೇ ಸುರಿದು ಕೈಯಾಡಿಸಿ.
3. ಮೇಲೆ ತೇಲಿದ ಕರಿಗಾಳು, ಜೊಳ್ಳು, ಕಸವನ್ನು ಜರಡಿಯಿಂದ ತೆಗೆಯಿರಿ.
4. ತಳದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು.
5. ನೆರಳಿನಲ್ಲಿ ಒಣಗಿಸಿ ಬಿತ್ತಿ.

ತೇಲಿದ್ದನ್ನು ತಿಪ್ಪೆಗೆ ಎಸೆಯಬೇಡಿ, ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತದೆ. ದನ, ಕೋಳಿಗೂ ಹಾಕಬೇಡಿ. ಸುಟ್ಟುಬಿಡಿ. ಅಂಗಡಿಯಿಂದ ತಂದ, ಔಷಧ ಲೇಪಿಸಿದ ಬೀಜಕ್ಕೆ ಈ ಉಪಚಾರ ಬೇಡ.

ಹೊಲದಲ್ಲಿ ಮಾಡಬೇಕಾದದ್ದು

- ಹಿಂದಿನ ವರ್ಷ ರೋಗ ಕಂಡ ಹೊಲವನ್ನು ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ. ಆಳಕ್ಕೆ ಬಿದ್ದ ಕರಿಗಾಳಿನ ದಂಟು ಮೇಲೆ ಬರಲಾರದು.
- ಮರುವರ್ಷ ಅಲ್ಲಿ ತೊಗರಿ, ಹೆಸರು ಅಥವಾ ಕಡಲೆ ಹಾಕಿ.
- ಅಂಟು ಒಸರುವ ತೆನೆಗಳು ಅಲ್ಲೊಂದು ಇಲ್ಲೊಂದು ಇರುವಾಗಲೇ ಕೊಯ್ದು ಸುಡಿ.
- ಹೂ ಹೊತ್ತಿಗೆ ಮೋಡ ಕವಿದಿದ್ದರೆ, ರೈತ ಸಂಪರ್ಕ ಕೇಂದ್ರದ ಸಲಹೆ ಪಡೆದು ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಹೂ ತೆರೆಯುವ ಆರಂಭದಲ್ಲಿ ಒಮ್ಮೆ, ಅರ್ಧ ಹೂವಾದಾಗ ಇನ್ನೊಮ್ಮೆ ಸಿಂಪಡಿಸಿ. ಅಂಟು ಬಂದ ಮೇಲೆ ಸಿಂಪಡಿಸಿ ಹಣ ಕಳೆದುಕೊಳ್ಳಬೇಡಿ.

ಉಣ್ಣುವ ಕಾಳಿನ ಎಚ್ಚರ

ಕರಿಗಾಳಿನಲ್ಲಿ ವಿಷಕಾರಿ ಆಲ್ಕಲಾಯ್ಡ್‌ಗಳಿವೆ. ಹಿಟ್ಟಿನಲ್ಲಿ ಬೆರೆತರೆ ಓಕರಿಕೆ, ವಾಂತಿ, ತಲೆಸುತ್ತು, ಮಂಪರು ಬರುತ್ತವೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಧಾನ್ಯದಲ್ಲಿ ಅರ್ಗಟ್ ತೂಕದಲ್ಲಿ ಶೇ. 0.05 ಮೀರಬಾರದು. ಅಂದರೆ ಕ್ವಿಂಟಲ್ ಸಜ್ಜೆಯಲ್ಲಿ 50 ಗ್ರಾಂ, ಒಂದು ಹಿಡಿಯಷ್ಟು. ಹಾಗಾಗಿ ಬೀಸಲು ಕೊಡುವ ಮುನ್ನ ಕೇರಿ, ಆರಿಸಿ, ಅನುಮಾನವಿದ್ದರೆ ಉಪ್ಪುನೀರಿನಲ್ಲೇ ತೇಲಿಸಿ ತೊಳೆದು ಒಣಗಿಸಿ.

ಒಂದು ಎಕರೆಗೆ ಬೇಕಾಗುವ ಎರಡು ಕಿಲೋದೊಳಗಿನ ಬೀಜಕ್ಕೆ ಒಂದು ಬಕೆಟ್ ಉಪ್ಪುನೀರು ಸಾಕು. ಈ ಸಲ ಬಿತ್ತುವ ಮುನ್ನ ಅರ್ಧ ಗಂಟೆ ಅದಕ್ಕೆಂದೇ ಮೀಸಲಿಡಿ. ಪಕ್ಕದ ಹೊಲದವರಿಗೂ ಹೇಳಿ, ಅವರ ಮಣ್ಣಿನ ಕರಿಗಾಳಿನಿಂದ ಎದ್ದ ಬೀಜಕ ನಿಮ್ಮ ತೆನೆಗೂ ಬರುತ್ತದೆ.